ಒಂದು ಹಿತ್ತಿಲಿಗೆ ಎಷ್ಟು ಹುಂಜ?



ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕತೆಯನ್ನು ನೀವೆಲ್ಲ ಕೇಳಿರುತ್ತೀರಿ. ಊರವರ ಮೇಲೆ ಮುನಿಸಿಕೊಂಡ ಆಕೆ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಕಾಡಿಗೆ ಹೊರಟುಹೋದಳು. ಆದರೂ ಊರಿಗೆ ಬೆಳಗಾಯಿತು. ಈ ಕತೆಯಿಂದ ಜಂಬ ಪಡಬಾರದು ಎಂಬ ನೀತಿಯನ್ನು ನಾವು ಕಲಿಯುತ್ತೇವೆ. ಆದರೆ ಕತೆಯಲ್ಲಿ ಸಾಮಾನ್ಯವಾಗಿ ನಾವು ಗಮನಿಸದ ಇನ್ನೊಂದು ಸಂಗತಿಯಿದೆ. ಅಜ್ಜಿಯ ಬಳಿ ಇದ್ದದ್ದು ಒಂದೇ ಹುಂಜ. ಹೇಂಟೆ ಕಾವಿಗೆ ಕುಳಿತು ಮರಿ ಮಾಡಿದಾಗಲೆಲ್ಲ ಹೆಚ್ಚುಕಡಿಮೆ ಅರ್ಧದಷ್ಟು ಹುಂಜದ ಮರಿಗಳೇ ಹುಟ್ಟುತ್ತವೆ. ಹಾಗಾದರೆ ಉಳಿದ ಹುಂಜಗಳು ಏನಾದವು?

ಇದು ಮಕ್ಕಳಾಟದ ಪ್ರಶ್ನೆಯಲ್ಲ. ಮನುಷ್ಯ ಕೋಳಿ ಸಾಕಲು ತೊಡಗಿದ ದಿನದಿಂದ ಇಂದಿನವರೆಗೂ ಈ ಪ್ರಶ್ನೆ ಅವನ ಬೆನ್ನು ಬಿಟ್ಟಿಲ್ಲ. ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಆ ಉತ್ತರಗಳ ಚರಿತ್ರೆಯನ್ನು ಈಗ ನೋಡೋಣ.

ಹಿತ್ತಿಲ ಲೆಕ್ಕ

ಒಂದು ಹೇಂಟೆಯ ಕೆಳಗೆ 12 ಮೊಟ್ಟೆ ಇಟ್ಟು 10 ಮರಿಗಳು ಹೊರಬಂದವು ಎಂದಿಟ್ಟುಕೊಳ್ಳಿ. ಅವುಗಳಲ್ಲಿ ಸುಮಾರು 5 ಹುಂಜ, 5 ಹೇಂಟೆ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ. ಕೋಳಿಗಳಲ್ಲಿ ಅದು ತಾಯಿಯಿಂದ. ಹೇಂಟೆಯಲ್ಲಿ ಎರಡು ಬಗೆಯ ಲಿಂಗ ವರ್ಣತಂತುಗಳಿದ್ದು, ಮೊಟ್ಟೆಗೆ ಯಾವುದು ಹೋಯಿತೋ ಅದರಂತೆ ಮರಿ ಗಂಡಾಗುತ್ತದೆ ಅಥವಾ ಹೆಣ್ಣಾಗುತ್ತದೆ. ಆದ್ದರಿಂದ ಎಷ್ಟೇ ಜಾಣತನದಿಂದ ಮೊಟ್ಟೆ ಆರಿಸಿಟ್ಟರೂ ಈ ಅರ್ಧರ್ಧದ ಲೆಕ್ಕ ತಪ್ಪುವುದಿಲ್ಲ.

ಮೊದಲ ಎಂಟು ವಾರ ಮರಿಗಳೆಲ್ಲ ಒಂದೇ ತಾಯಿಯ ಹಿಂದೆ ಕೆದಕುತ್ತ ತಿರುಗುತ್ತವೆ. ಆಮೇಲೆ ಕೆಲವು ಮರಿಗಳ ಜುಟ್ಟು ಕೆಂಪೇರುತ್ತದೆ. ಕಾಲು ದಪ್ಪವಾಗುತ್ತದೆ, ಬಾಲದಲ್ಲಿ ಬಾಗಿದ ಗರಿ ಮೂಡುತ್ತದೆ. ನಾಲ್ಕೈದು ತಿಂಗಳಾಗುವ ಹೊತ್ತಿಗೆ ಒಂದು ಮುಂಜಾನೆ ಒಡಕು ದನಿಯ ಮೊದಲ ಕೂಗು ಕೇಳಿಸುತ್ತದೆ. ಅಲ್ಲಿಂದ ಹಿತ್ತಿಲಿನ ಶಾಂತಿ ಕೆಟ್ಟಿತೆಂದೇ ತಿಳಿಯಬೇಕು. ಅಣ್ಣತಮ್ಮಂದಿರಂತೆ ಬೆಳೆದ ಹುಂಜಗಳು ಕುತ್ತಿಗೆಯ ಗರಿ ನಿಮಿರಿಸಿ ಎದುರುಬದುರು ನಿಲ್ಲುತ್ತವೆ. ಹೇಂಟೆಗಳನ್ನು ಅಟ್ಟಾಡಿಸುತ್ತವೆ. ಎಲ್ಲವೂ ಮೇಲೆ ಹತ್ತುವುದರಿಂದ ಹೇಂಟೆಗಳ ಬೆನ್ನಿನ ಗರಿ ಉದುರಿ ಗಾಯವಾಗುತ್ತದೆ. ಕೆಲವು ಹುಂಜಗಳು ಅಂಗಳದಲ್ಲಿ ಆಡುವ ಮಕ್ಕಳ ಮೇಲೂ ಎರಗುತ್ತವೆ.

ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಮೊಟ್ಟೆ ತಿನ್ನುವುದಷ್ಟೇ ಉದ್ದೇಶವಾದರೆ ಒಂದೂ ಬೇಡ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ, ಆದರೆ ಆ ಮೊಟ್ಟೆಯಿಂದ ಮರಿಯಾಗುವುದಿಲ್ಲ. ಪ್ರಕೃತಿ ಅರ್ಧರ್ಧ ಕೊಡುತ್ತದೆ, ಹಿತ್ತಿಲಿಗೆ ಬೇಕಾದದ್ದು ಹತ್ತರಲ್ಲಿ ಒಂದು. ಈ ಎರಡು ಲೆಕ್ಕಗಳ ನಡುವಿನ ಅಂತರವೇ ನಮ್ಮ ಇಂದಿನ ವಿಷಯ.

ಕಾಡಿನಿಂದ ಅಂಗಳಕ್ಕೆ

ನಮ್ಮ ಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬ ಪ್ರಾಚೀನ ನೆಲೆಯಲ್ಲಿ ದೊರೆತ, ಕ್ರಿ.ಪೂ. 1650ರಿಂದ 1250ರ ನಡುವಿನ ಮೂಳೆಗಳು ಸಾಕುಕೋಳಿಯ ಅತ್ಯಂತ ಹಳೆಯ ಖಚಿತ ಕುರುಹುಗಳೆಂದು 2022ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಭತ್ತ ಮತ್ತು ಕಿರುಧಾನ್ಯ ಬೆಳೆದ ರೈತರ ಕಾಳಿನ ಆಸೆಗೆ ಕಾಡುಕೋಳಿ ಊರಿನ ಹತ್ತಿರ ಬಂದಿರಬೇಕೆಂಬುದು ಆ ಸಂಶೋಧಕರ ಅಭಿಪ್ರಾಯ. ನಮ್ಮ ಪಶ್ಚಿಮ ಘಟ್ಟದ ಬೂದುಬಣ್ಣದ ಕಾಡುಕೋಳಿಯ ಪಾಲೂ ಇದರಲ್ಲಿದೆ. ಅನೇಕ ಸಾಕುಕೋಳಿಗಳ ಕಾಲು ಹಳದಿಯಾಗಿರುವುದಕ್ಕೆ ಕಾರಣವಾದ ಗುಣ ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಗೊತ್ತಾಯಿತು.

ಕಾಡಿನಲ್ಲಿ ಹೆಚ್ಚುವರಿ ಹುಂಜದ ಸಮಸ್ಯೆ ತಾನಾಗಿಯೇ ಬಗೆಹರಿಯುತ್ತದೆ. ಬಲವಾದ ಹುಂಜ ಕೆಲವು ಹೇಂಟೆಗಳೊಡನೆ ಒಂದು ಜಾಗವನ್ನು ಹಿಡಿಯುತ್ತದೆ. ಎಳೆಯ ಹುಂಜಗಳು ಅದರ ಕಣ್ಣು ತಪ್ಪಿಸಿ ಅಂಚಿನಲ್ಲಿ ಅಲೆಯುತ್ತವೆ. ಅವುಗಳಲ್ಲಿ ಹಲವು ನರಿ, ಕಾಡುಬೆಕ್ಕು, ಗಿಡುಗಗಳ ಪಾಲಾಗುತ್ತವೆ. ಹಿತ್ತಿಲಲ್ಲಿ ಹಾಗೆ ದೂರ ಸರಿಯಲು ಜಾಗವಿಲ್ಲ. ಬೇಲಿ ಹಾಕಿದವನೇ ತೀರ್ಮಾನವನ್ನೂ ಮಾಡಬೇಕಾಗುತ್ತದೆ.

ರೋಮಿನ ತೋಟದಲ್ಲಿ

ಹಳೆಯ ಉತ್ತರಗಳಲ್ಲಿ ಒಂದು ಹುಂಜದ ಬೀಜ ತೆಗೆಯುವುದು. ಕ್ರಿ.ಪೂ. ನಾಲ್ಕನೆಯ ಶತಮಾನದ ಗ್ರೀಕ್ ಪಂಡಿತ ಅರಿಸ್ಟಾಟಲ್ ಇದನ್ನು ಬರೆದಿಟ್ಟಿದ್ದಾನೆ. ಹುಂಜದ ಹಿಂಭಾಗಕ್ಕೆ ಎರಡು ಮೂರು ಕಡೆ ಕಾದ ಕಬ್ಬಿಣದಿಂದ ಸುಡುತ್ತಿದ್ದರು. ಬೆಳೆದ ಹುಂಜವಾದರೆ ಜುಟ್ಟು ಬಿಳಿಚಿಕೊಂಡು, ಕೂಗುವುದು ನಿಲ್ಲುತ್ತಿತ್ತು. ಎಳೆಯದಾದರೆ ಆ ಲಕ್ಷಣಗಳು ಮೂಡುತ್ತಲೇ ಇರಲಿಲ್ಲ. ಹೀಗಾದ ಹುಂಜ ಜಗಳವಾಡದೆ ತಿಂದು ಕೊಬ್ಬುತ್ತದೆ.

ರೋಮಿನಲ್ಲಿ ಹುಂಜದ ಹಣೆಬರಹಕ್ಕೆ ಕಾನೂನೂ ಕೈಹಾಕಿತು. ಔತಣದ ದುಂದುವೆಚ್ಚವನ್ನು ತಡೆಯಲು ಕ್ರಿ.ಪೂ. 161ರಲ್ಲಿ ಬಂದ ಫಾನ್ನಿಯಸ್ ಶಾಸನದಂತೆ, ಊಟಕ್ಕೆ ಒಂದೇ ಹೇಂಟೆ ಬಡಿಸಬೇಕು, ಅದೂ ಕೊಬ್ಬಿಸಿದ್ದಾಗಿರಬಾರದು. ಜನ ಉಪಾಯ ಹುಡುಕಿದರು. ಶಾಸನ ಹೇಂಟೆಯ ಮಾತನ್ನಷ್ಟೇ ಆಡಿತ್ತು. ಆದ್ದರಿಂದ ಹುಂಜಗಳಿಗೆ ಹಾಲಿನಲ್ಲಿ ನೆನೆಸಿದ ಮೇವು ತಿನ್ನಿಸಿ ಕೊಬ್ಬಿಸಿದರೆಂದು ಪ್ಲಿನಿ ಬರೆದಿದ್ದಾನೆ.

ಕ್ರಿ.ಶ. ಒಂದನೆಯ ಶತಮಾನದ ಕೃಷಿ ಲೇಖಕ ಕೊಲುಮೆಲ್ಲ ಇನ್ನೂ ಹತ್ತಿರದಿಂದ ನೋಡಿದವನು. ಐದು ಹೇಂಟೆಗಳಿಗೆ ಒಂದು ಹುಂಜ ಎಂಬುದು ಅವನ ಲೆಕ್ಕ. ಜಗಳಗಂಟ ಹುಂಜಕ್ಕೂ ಅವನಲ್ಲಿ ಮದ್ದಿತ್ತು. ಹಳೆಯ ಚರ್ಮದ ಚೀಲದಿಂದ ದುಂಡಗೆ ಒಂದು ತುಂಡು ಕತ್ತರಿಸಿ, ನಡುವೆ ತೂತು ಮಾಡಿ, ಅದರೊಳಗೆ ಹುಂಜದ ಕಾಲನ್ನು ತೂರಿಸಬೇಕು. ಕಾಲಿಗೆ ಬಿದ್ದ ಈ ತೊಡಕಿನಿಂದ ಹುಂಜ ತಣ್ಣಗಾಗುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ಈ ಉಪಾಯವನ್ನು ಓದುವಾಗ, ಹುಂಜದ ಕಾಟ ಅನುಭವಿಸಿದ ಯಾವ ಮನೆಯವರಿಗಾದರೂ ನಗು ಬಾರದೆ ಇರದು.

ಅಂಕ, ಹರಕೆ, ಹಿಟ್ಟಿನ ಹುಂಜ

ನಮ್ಮ ನಾಡಿನಲ್ಲಿ ಹುಂಜದ ಜಗಳಗಂಟತನವನ್ನು ಅಡಗಿಸುವುದಕ್ಕಿಂತ ಬಳಸಿಕೊಂಡದ್ದೇ ಹೆಚ್ಚು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸುಮಾರು ಕ್ರಿ.ಶ. 1129ರಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಅದು ಅರಸರ ವಿನೋದಗಳನ್ನು ವರ್ಣಿಸುವಾಗ ಕುಕ್ಕುಟ ವಿನೋದ, ಎಂದರೆ ಕೋಳಿ ಕಾಳಗಕ್ಕೂ ಒಂದು ಸ್ಥಾನ ಕೊಟ್ಟಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ನಾಯಿಗೆ ನಿಲ್ಲಿಸಿದ ಹತ್ತನೆಯ ಶತಮಾನದ ಕಲ್ಲನ್ನು ನೀವು ಪಾಠದಲ್ಲಿ ಓದಿರಬಹುದು. ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ಅರಸಲಾಪುರಂನಲ್ಲಿ ಅದಕ್ಕೂ ಹಳೆಯದಾದ ಒಂದು ವೀರಗಲ್ಲು ಕಾಳಗದ ಹುಂಜಕ್ಕಾಗಿಯೇ ನಿಂತಿದೆ.

ಕರಾವಳಿಯ ಕೋಳಿ ಅಂಕ ಇದೇ ಪರಂಪರೆಯದು. ಕುಯ್ಲು ಮುಗಿದ ಗದ್ದೆಯಲ್ಲಿ, ಜಾತ್ರೆ ನೇಮಗಳ ಸಂದರ್ಭದಲ್ಲಿ ಜನ ಸೇರಿ, ಹುಂಜದ ಕಾಲಿಗೆ ಹರಿತವಾದ ಸಣ್ಣ ಕತ್ತಿ ಕಟ್ಟಿ ಕಾಳಗಕ್ಕೆ ಬಿಡುವುದು ರೂಢಿ. ಹಣದ ಪಣವೂ ಇದರೊಡನೆ ಬೆರೆಯಿತು. ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಅಂಕದ ಹುಂಜಕ್ಕೆ ಒಳ್ಳೆಯ ಮೇವು, ಆರೈಕೆ, ಹೆಸರು ಎಲ್ಲವೂ ಸಿಗುತ್ತಿತ್ತೆಂಬುದು ನಿಜ. ಆದರೆ ಆ ಭಾಗ್ಯ ಕೆಲವೇ ಹುಂಜಗಳದ್ದು, ಅದೂ ಕೆಲವೇ ದಿನಗಳದ್ದು.

ಮಿಕ್ಕವು ಹರಕೆಗೆ, ಮಾರಿಹಬ್ಬಕ್ಕೆ, ಯುಗಾದಿಯ ಮರುದಿನದ ಹೊಸತೊಡಕಿಗೆ, ಇಲ್ಲವೇ ಹೇಳದೆ ಕೇಳದೆ ಬಂದ ನೆಂಟರ ಊಟಕ್ಕೆ ಸಲ್ಲುತ್ತಿದ್ದವು. ಸಂತೆಯಲ್ಲಿ ಮಾರಿದ ಒಂದು ಹುಂಜದ ದುಡ್ಡು ಮನೆಯ ಹೆಂಗಸಿನ ಸೆರಗಿನ ಗಂಟಿಗೆ ಸೇರಿ, ಮಗುವಿನ ಪುಸ್ತಕಕ್ಕೋ ಮದ್ದಿಗೋ ಒದಗುತ್ತಿತ್ತು. ಬಡವರ ಮನೆಯಲ್ಲಿ ಹೆಚ್ಚುವರಿ ಹುಂಜವೆಂದರೆ ನಡೆದಾಡುವ ಉಳಿತಾಯವೇ ಆಗಿತ್ತು.

ಈ ಬಲಿಯ ಬಗ್ಗೆ ಅಂದಿನವರಿಗೆ ಯಾವ ಅಳುಕೂ ಇರಲಿಲ್ಲವೆಂದು ಭಾವಿಸಬಾರದು. ಹೊಯ್ಸಳರ ಕಾಲದ ಜನ್ನ ಕವಿ 1209ರಲ್ಲಿ ಬರೆದ ‘ಯಶೋಧರ ಚರಿತೆ’ ಹುಂಜದ ಸುತ್ತಲೇ ತಿರುಗುತ್ತದೆ. ಪ್ರಾಣಿಬಲಿ ಕೊಡಲೊಪ್ಪದ ಅರಸ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ. ಕೊಲ್ಲುವ ಸಂಕಲ್ಪವೇ ಹಿಂಸೆ ಎಂಬ ಜೈನ ಚಿಂತನೆಯಂತೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪಶುಪಕ್ಷಿಗಳಾಗಿ ತೊಳಲಿ, ಅದರಲ್ಲೊಮ್ಮೆ ಕೋಳಿಗಳಾಗಿಯೂ ಹುಟ್ಟುತ್ತಾರೆ. ನಮ್ಮ ಸಾಹಿತ್ಯ ಎಂಟುನೂರು ವರ್ಷಗಳ ಹಿಂದೆಯೇ ಕೇಳಿದ ಈ ಪ್ರಶ್ನೆಯನ್ನು ನೆನಪಿನಲ್ಲಿಡಿ. ಮುಂದೆ ಅದು ಮತ್ತೆ ಎದುರಾಗುತ್ತದೆ.

ಗೊಟ್ಟಿಂಗೆನ್ನಿನ ಆರು ಹುಂಜಗಳು

ಎಳೆಯ ಹುಂಜ ಏಕೆ ಹೀಗೆ ಬದಲಾಗುತ್ತದೆ? ಬೀಜ ತೆಗೆದರೆ ಏಕೆ ಬದಲಾಗುವುದಿಲ್ಲ? ಅರಿಸ್ಟಾಟಲನ ಕಾಲದಿಂದ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಜನ ಇದನ್ನು ಕಂಡಿದ್ದರೂ ಕಾರಣ ತಿಳಿದಿರಲಿಲ್ಲ. ಜರ್ಮನಿಯ ಗೊಟ್ಟಿಂಗೆನ್ ವಿಶ್ವವಿದ್ಯಾಲಯದ ಅರ್ನಾಲ್ಡ್ ಅಡಾಲ್ಫ್ ಬರ್ತೋಲ್ಡ್ 1848ರ ಆಗಸ್ಟಿನಲ್ಲಿ ಎರಡು ಮೂರು ತಿಂಗಳ ಪ್ರಾಯದ ಆರು ಹುಂಜದ ಮರಿಗಳನ್ನು ತೆಗೆದುಕೊಂಡನು.

ಹುಂಜದ ವೃಷಣಗಳು ಹೊಟ್ಟೆಯೊಳಗೆ, ಬೆನ್ನಿನ ಪಕ್ಕದಲ್ಲಿರುತ್ತವೆ. ಮೊದಲ ಜೋಡಿ ಮರಿಗಳಲ್ಲಿ ಬರ್ತೋಲ್ಡ್ ಎರಡೂ ವೃಷಣಗಳನ್ನು ತೆಗೆದುಹಾಕಿದನು. ಎರಡನೆಯ ಜೋಡಿಯಲ್ಲಿ ಒಂದನ್ನು ತೆಗೆದು, ಇನ್ನೊಂದನ್ನು ಅದರ ಜಾಗದಿಂದ ಬಿಡಿಸಿ ಹೊಟ್ಟೆಯೊಳಗೇ ಬಿಟ್ಟನು. ಮೂರನೆಯ ಜೋಡಿಯಲ್ಲಿ ಎರಡನ್ನೂ ತೆಗೆದು, ಒಂದರ ವೃಷಣವನ್ನು ಮತ್ತೊಂದರ ಕರುಳುಗಳ ನಡುವೆ ಇಟ್ಟನು. ಬಳಿಕ ಗಾಯ ಹೊಲಿದು ಕಾದನು.

ಮೊದಲ ಜೋಡಿ ಬೆಳೆಯಿತು, ಕೊಬ್ಬಿತು, ಆದರೆ ಹುಂಜವಾಗಲಿಲ್ಲ. ಜುಟ್ಟು ಸಣ್ಣದಾಗಿ, ಬಿಳಿಚಿಕೊಂಡೇ ಉಳಿಯಿತು. ಉಳಿದ ನಾಲ್ಕು ಮಾತ್ರ ಎಲ್ಲ ಹುಂಜಗಳಂತೆ ಕೂಗಿದವು, ಕಾದಾಡಿದವು, ಹೇಂಟೆಗಳ ಹಿಂದೆ ಹೋದವು. ಸೀಳಿ ನೋಡಿದಾಗ, ಸ್ಥಳ ಬದಲಾದ ವೃಷಣ ಕರುಳಿಗೆ ಅಂಟಿಕೊಂಡು ಹೊಸ ರಕ್ತನಾಳಗಳನ್ನು ಪಡೆದಿತ್ತು. ಹಳೆಯ ನರಗಳ ಸಂಪರ್ಕವಂತೂ ಕಡಿದುಹೋಗಿತ್ತು. ಹಾಗಾದರೆ ಹುಂಜವನ್ನು ಹುಂಜವನ್ನಾಗಿ ಮಾಡುವ ಸುದ್ದಿ ನರದ ಮೂಲಕ ಹೋಗುತ್ತಿಲ್ಲ, ರಕ್ತದ ಮೂಲಕ ಹೋಗುತ್ತಿದೆ. 1849ರಲ್ಲಿ ಕೆಲವೇ ಪುಟಗಳಲ್ಲಿ ಬರ್ತೋಲ್ಡ್ ಪ್ರಕಟಿಸಿದ ಈ ತೀರ್ಮಾನವೇ ಅಂತಃಸ್ರಾವಶಾಸ್ತ್ರದ ಮೊದಲ ಪ್ರಯೋಗವೆಂದು ಇಂದು ಮನ್ನಣೆ ಪಡೆದಿದೆ.

ಆದರೆ ಆಗ ಯಾರೂ ಹೆಚ್ಚು ಗಮನ ಕೊಡಲಿಲ್ಲ. ‘ಹಾರ್ಮೋನ್’ ಎಂಬ ಪದವೇ ಬಳಕೆಗೆ ಬಂದದ್ದು 1905ರಲ್ಲಿ, ಇಂಗ್ಲೆಂಡಿನ ಸ್ಟಾರ್ಲಿಂಗನ ಉಪನ್ಯಾಸಗಳಿಂದ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಷಿಕಾಗೊದಲ್ಲಿ ಫ್ರೆಡ್ ಕಾಕ್ ಮತ್ತು ಸಂಗಡಿಗರು ಹೋರಿಯ ವೃಷಣದ ಸಾರವನ್ನು ಬೀಜ ತೆಗೆದ ಹುಂಜಗಳಿಗೆ ಚುಚ್ಚಿ, ಜುಟ್ಟು ಎಷ್ಟು ಬೆಳೆಯಿತೆಂದು ಅಳೆದರು. ಹುಂಜದ ಜುಟ್ಟೇ ಅವರ ಅಳತೆಗೋಲಾಯಿತು. 1935ರಲ್ಲಿ ಆಮ್‌ಸ್ಟರ್‌ಡ್ಯಾಂನ ವಿಜ್ಞಾನಿಗಳು ಶುದ್ಧರೂಪದಲ್ಲಿ ಬೇರ್ಪಡಿಸಿದ ಆ ವಸ್ತುವೇ ಟೆಸ್ಟೊಸ್ಟೆರಾನ್. ಹಿತ್ತಿಲ ಹುಂಜದ ಜುಟ್ಟು ಕೆಂಪೇರುವುದೂ, ಹದಿಹರೆಯದ ಹುಡುಗನ ದನಿ ಒಡೆಯುವುದೂ ಇದರಿಂದಲೇ.

ಮೊದಲು ಕೂಗುವ ಹಕ್ಕು

ಹಿತ್ತಿಲ ಜಗಳವನ್ನೇ ಶಾಸ್ತ್ರವಾಗಿ ನೋಡಿದವನು ನಾರ್ವೆಯ ಟೋರ್ಲೀಫ್ ಶೆಲ್ಡರಪ್-ಎಬ್ಬೆ. ಚಿಕ್ಕ ಹುಡುಗನಾಗಿದ್ದಾಗಿನಿಂದಲೂ ಅವನಿಗೆ ಕೋಳಿಗಳನ್ನು ನೋಡುವ ಗೀಳು. ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಟ್ಟುಕೊಳ್ಳುತ್ತ, ಅವುಗಳಲ್ಲಿ ಮೇಲು ಕೀಳಿನ ಸ್ಪಷ್ಟವಾದ ಸರದಿ ಇದೆಯೆಂದು ಕಂಡುಕೊಂಡು 1920ರ ದಶಕದ ಆರಂಭದಲ್ಲಿ ಪ್ರಕಟಿಸಿದನು. ಸರದಿ ತೀರ್ಮಾನವಾದ ಮೇಲೆ ಜಗಳ ಕಡಿಮೆಯಾಗುತ್ತದೆ. ಹೊಸ ಹುಂಜ ಹರೆಯಕ್ಕೆ ಬಂದಾಗ ಅಥವಾ ಹೊರಗಿನ ಕೋಳಿಯನ್ನು ತಂದು ಬಿಟ್ಟಾಗ ಅದು ಮತ್ತೆ ಕದಡುತ್ತದೆ.

ಮುಂಜಾನೆಯ ಕೂಗಿಗೂ ಈ ಸರದಿಯಿದೆ. ಹುಂಜ ಬೆಳಕು ನೋಡಿ ಮಾತ್ರ ಕೂಗುವುದಲ್ಲ, ಅದರ ದೇಹದಲ್ಲೇ ಒಂದು ಗಡಿಯಾರವಿದೆ ಎಂದು ಜಪಾನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಮೊದಲು ಕೂಗುವುದು ಗುಂಪಿನ ಯಜಮಾನ ಹುಂಜ, ಉಳಿದವು ತಮ್ಮ ಸ್ಥಾನಕ್ಕೆ ತಕ್ಕಂತೆ ಆಮೇಲೆ ಕೂಗುತ್ತವೆ ಎಂದು 2015ರಲ್ಲಿ ಪ್ರಕಟಿಸಿದರು. ಅಜ್ಜಿಯ ಹುಂಜ ಬೆಳಗು ಮಾಡಲಿಲ್ಲ ನಿಜ, ಆದರೆ ಬೆಳಗಾಗುವುದನ್ನು ಅದು ಮುಂಚಿತವಾಗಿ ಬಲ್ಲದು.

ಒಂದೇ ದಿನದ ಆಯುಸ್ಸು

ಇಪ್ಪತ್ತನೆಯ ಶತಮಾನದಲ್ಲಿ ಕೋಳಿ ಹಿತ್ತಿಲಿನಿಂದ ಕಾರ್ಖಾನೆಗೆ ಹೋಯಿತು. ಅಲ್ಲಿ ಹುಂಜದ ಪ್ರಶ್ನೆ ಮೇವಿನ ಪ್ರಶ್ನೆಯಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿಗೆ ಕಾಳಿನ ಅಭಾವ ಬಂದಾಗ, ಬೇಡವಾದ ಹುಂಜದ ಮರಿಗಳನ್ನು ಮೊದಲೇ ಗುರುತಿಸಿದರೆ ಮೇವು ಉಳಿಯುತ್ತದೆ ಎಂದು ಯೋಚಿಸಿದವನು ರೆಜಿನಾಲ್ಡ್ ಪನೆಟ್. ಜೀವಶಾಸ್ತ್ರದ ತರಗತಿಯಲ್ಲಿ ನೀವು ಬರೆಯುವ ಪನೆಟ್ ಚೌಕ ಅವನದೇ. ಗಂಡು ಹೆಣ್ಣು ಮರಿಗಳು ಹುಟ್ಟುವಾಗಲೇ ಬೇರೆ ಬೇರೆ ಬಣ್ಣದ ತುಪ್ಪಳ ಹೊಂದಿರುವ ತಳಿಗಳು ಮುಂದೆ ಅವನ ಕೇಂಬ್ರಿಜಿನಲ್ಲಿಯೇ ಸಿದ್ಧವಾದವು. ಅದೇ 1920ರ ದಶಕದಲ್ಲಿ ಜಪಾನಿನ ಮಸುಯಿ ಮತ್ತು ಹಾಶಿಮೊಟೊ, ಒಂದು ದಿನದ ಮರಿಯ ಗುದದ್ವಾರ ನೋಡಿ ಗಂಡು ಹೆಣ್ಣು ಹೇಳುವ ವಿಧಾನವನ್ನು ಲೋಕಕ್ಕೆ ಕೊಟ್ಟರು. ಇದರಲ್ಲಿ ಪಳಗಿದವರು ಗಂಟೆಗೆ ನೂರಾರು ಮರಿಗಳನ್ನು ಬೇರ್ಪಡಿಸಬಲ್ಲರು.

ಈ ನಡುವೆ ತಳಿಗಳೂ ಇಬ್ಭಾಗವಾದವು: ಮೊಟ್ಟೆಗೆ ಒಂದು, ಮಾಂಸಕ್ಕೆ ಇನ್ನೊಂದು. ಮೊಟ್ಟೆ ತಳಿಯ ಹುಂಜ ಮೊಟ್ಟೆ ಇಡುವುದಿಲ್ಲ, ಬೇಗ ಮೈ ತುಂಬಿಕೊಳ್ಳುವುದೂ ಇಲ್ಲ. ವ್ಯಾಪಾರದ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಹೀಗಾಗಿ ಅದನ್ನು ಹುಟ್ಟಿದ ದಿನವೇ ಕೊಲ್ಲುವುದು ಲೋಕದೆಲ್ಲೆಡೆ ರೂಢಿಯಾಯಿತು. ವರ್ಷಕ್ಕೆ ಸುಮಾರು 700 ಕೋಟಿ ಮರಿಗಳು ಹೀಗೆ ಸಾಯುತ್ತವೆಂಬ ಅಂದಾಜು ಬಳಕೆಯಲ್ಲಿದೆ. ಹಿತ್ತಿಲಲ್ಲಿ ಐದಾರು ತಿಂಗಳು ಮೇಯ್ದು, ಕೂಗಿ, ಜಗಳವಾಡಿ, ಮನೆಯವರ ಕಣ್ಣೆದುರೇ ಮುಗಿಯುತ್ತಿದ್ದ ಬದುಕು ಈಗ ಯಾರ ಕಣ್ಣಿಗೂ ಬೀಳದೆ ಒಂದೇ ದಿನಕ್ಕೆ ಮುಗಿಯತೊಡಗಿತು. ಹಿಂಸೆ ಮಾಯವಾಗಲಿಲ್ಲ, ಮೊಟ್ಟೆ ತಿನ್ನುವವರಿಂದ ಮರೆಯಾಯಿತು.

ಜನ್ನನ ಪ್ರಶ್ನೆ ಬೇರೆ ರೂಪದಲ್ಲಿ ಎದ್ದದ್ದು ಇಲ್ಲಿ. ಜರ್ಮನಿ 2022ರ ಜನವರಿ 1ರಿಂದ ಹುಂಜದ ಮರಿಗಳನ್ನು ಹೀಗೆ ಕೊಲ್ಲುವುದನ್ನು ನಿಷೇಧಿಸಿತು. ಮೊಟ್ಟೆಯೊಳಗಿರುವಾಗಲೇ ಗಂಡು ಹೆಣ್ಣು ತಿಳಿಯುವ ವಿಧಾನಗಳು ಬಂದವು. 2018ರಲ್ಲಿ ಬರ್ಲಿನ್ನಿನ ಅಂಗಡಿಗಳಿಗೆ ಬಂದ ಅಂಥ ಮೊದಲ ಮೊಟ್ಟೆಗಳ ಹಿಂದಿದ್ದ ವಿಧಾನವನ್ನು ಗಮನಿಸಿ: ಕಾವಿಗಿಟ್ಟ ಸುಮಾರು ಒಂಬತ್ತನೆಯ ದಿನ ಮೊಟ್ಟೆಯಿಂದ ಒಂದು ಹನಿ ದ್ರವ ತೆಗೆದು, ಅದರಲ್ಲಿ ಹೆಣ್ಣು ಹಾರ್ಮೋನು ಇದೆಯೇ ಎಂದು ಪರೀಕ್ಷಿಸುತ್ತಾರೆ. ಬರ್ತೋಲ್ಡನ ಆರು ಹುಂಜಗಳಿಂದ ಮೊದಲಾದ ತಿಳಿವಳಿಕೆ ಸುತ್ತಿ ಬಂದು ಹುಂಜದ ಮರಿಯ ಬಾಗಿಲಿಗೇ ನಿಂತಿತು.

ನಮ್ಮ ಹಿತ್ತಿಲಿಗೆ ಮರಳಿ

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಇನ್ನೊಂದು ದಾರಿಯನ್ನೂ ಹುಡುಕಲಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಿತ್ತಿಲಿಗೆಂದೇ ರೂಪಿಸಿದ ‘ಗಿರಿರಾಜ’ ಕೋಳಿಯಲ್ಲಿ ಹೇಂಟೆ ಮೊಟ್ಟೆ ಕೊಡುತ್ತದೆ, ಹುಂಜ ಬೇಗ ತೂಕ ಕಟ್ಟುತ್ತದೆ. ಹುಂಜಕ್ಕೂ ಬೆಲೆ ಇರುವ ತಳಿಯಲ್ಲಿ ಅದನ್ನು ಹುಟ್ಟಿದ ದಿನವೇ ಎಸೆಯುವ ಮಾತು ಬರುವುದಿಲ್ಲ. ನಾಟಿ ಕೋಳಿ, ಜವಾರಿ ಕೋಳಿ ಎಂದು ನಾವು ಕರೆಯುವ ಊರ ತಳಿಗಳ ಗುಟ್ಟೂ ಇದೇ.

ನಿಮ್ಮ ಮನೆಯಲ್ಲಿ ಕೋಳಿ ಸಾಕುವುದಾದರೆ ಈ ಚರಿತ್ರೆಯಿಂದ ನಾಲ್ಕು ಮಾತು ಕಲಿಯಬಹುದು. ಮೊದಲನೆಯದು, ಮೊಟ್ಟೆ ಕಾವಿಗಿಡುವ ದಿನವೇ ಹುಂಜಗಳ ಲೆಕ್ಕ ಹಾಕಿ. ಬರುವ ಮರಿಗಳಲ್ಲಿ ಅರ್ಧಕ್ಕೆ ಏನು ದಾರಿ ಎಂದು ಆಗಲೇ ಮನೆಯವರೊಡನೆ ಮಾತಾಡಿ. ಎರಡನೆಯದು, ಜುಟ್ಟು ಕೆಂಪೇರಿದ ಹತ್ತು ಹನ್ನೆರಡು ವಾರದ ಹುಂಜಗಳನ್ನು ಬೇರೆ ಗೂಡಿಗೆ ಹಾಕಿ. ಜೊತೆಯಲ್ಲೇ ಬೆಳೆದವು ಹೇಂಟೆಗಳ ಕಣ್ಣಿಗೆ ಬೀಳದಂತಿದ್ದರೆ ಸಾಮಾನ್ಯವಾಗಿ ಕಡಿಮೆ ಕಾದಾಡುತ್ತವೆ. ಮೂರನೆಯದು, ಉಳಿಸಿಕೊಳ್ಳುವ ಒಂದನ್ನು ಆರಿಸುವಾಗ ಕೂಗಿನ ಜೋರು ನೋಡಬೇಡಿ, ಹೇಂಟೆಗಳ ಬೆನ್ನು ನೋಡಿ; ಗಾಯ ಮಾಡದ, ಕಾಳು ಕಂಡರೆ ಹೇಂಟೆಗಳನ್ನು ಕರೆಯುವ, ಮನುಷ್ಯರ ಮೇಲೆ ಎರಗದ ಹುಂಜವೇ ಉತ್ತಮ. ನಾಲ್ಕನೆಯದು, ಆ ಹುಂಜವನ್ನು ಅದರ ತಂಗಿಯರ ನಡುವೆಯೇ ವರ್ಷಗಟ್ಟಲೆ ಬಿಡದೆ ದೂರದ ಮನೆಯವರ ಹುಂಜದೊಡನೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಸಂತತಿ ಬಲಗುಂದುತ್ತದೆ.

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲಿದೆ. ಅರೆಯುವುದಿಲ್ಲ ನಿಜ. ಕೋಳಿಗೆ ಉತ್ತರ ಹೇಳುವ ಶಕ್ತಿಯಿಲ್ಲ. ಅದಕ್ಕಾಗಿಯೇ ಕೇಳಬೇಕಾದ ಪ್ರಶ್ನೆಗಳನ್ನು ನಾವೇ ನಮಗೆ ಕೇಳಿಕೊಳ್ಳಬೇಕಾಗಿದೆ. ಹುಂಜವನ್ನು ಮಾರುವುದೋ, ಉಳಿಸುವುದೋ, ಊಟಕ್ಕೆ ಬಳಸುವುದೋ ಎಂಬುದು ಒಂದೊಂದು ಮನೆಯ ಪದ್ಧತಿಗೆ, ಅನುಕೂಲಕ್ಕೆ ಬಿಟ್ಟದ್ದು. ಆದರೆ ಬದುಕಿರುವಷ್ಟು ದಿನ ಅದಕ್ಕೆ ಜಾಗ, ನೀರು, ನೆರಳು ಸಿಗಬೇಕು. ಕೊನೆ ಬಂದಾಗ ನರಳಿಸಬಾರದು. ನಾಳೆ ಬೆಳಿಗ್ಗೆ ನಿಮ್ಮ ಕೇರಿಯಲ್ಲಿ ಒಡಕು ದನಿಯ ಕೂಗು ಕೇಳಿಸಿದರೆ ಎದ್ದು ಹೋಗಿ ನೋಡಿ. ಹಿತ್ತಿಲಿನ ಗೋಡೆಯ ಮೇಲೆ ನಿಂತಿರುವ ಆ ಐದು ತಿಂಗಳ ಹುಂಜಕ್ಕೆ ತನ್ನ ಹಿಂದಿರುವ ಮೂರು ಸಾವಿರ ವರ್ಷಗಳ ಚರಿತ್ರೆ ಗೊತ್ತಿಲ್ಲ. ನಿಮಗೆ ಗೊತ್ತಿದೆ.